ಹಳೆ ಸೇತುವೆಯ ಮೇಲೆ ಲೆಕ್ಕದಕ್ಕ

ನಮ್ಮ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ಲೆಕ್ಕದಕ್ಕ. ಹಾಗಂತ ಹಣಕಾಸಿನ ವಿಭಾಗದವರಲ್ಲ. ರಸ್ತೆ ಪಕ್ಕ ಮಡಚುವ ಸ್ಟೂಲ್ ಹಾಕಿಕೊಂಡು ಕೂತು, ಹೋಗುವ ಬರುವ ವಾಹನಗಳನ್ನು ಎಣಿಸುವುದು ಅವರ ಕೆಲಸ. ಇಪ್ಪತ್ತಮೂರು ವರ್ಷ ಅದನ್ನೇ ಮಾಡಿದರು, ಅದೂ ಗುತ್ತಿಗೆಯ ಮೇಲೆ. ವರ್ಷಕ್ಕೊಮ್ಮೆ ಒಂದು ಕಾಗದ ಬರುತ್ತಿತ್ತು. ಸಹಿ ಹಾಕಿ ಮತ್ತೆ ಸ್ಟೂಲ್ ಎತ್ತಿಕೊಂಡು ಹೊರಡುತ್ತಿದ್ದರು.

ನಾನು ಅದೇ ಕಚೇರಿಯಲ್ಲಿ ಸಭೆಗಳ ನಡಾವಳಿ ಬರೆಯುವವನು. ಯಾರು ಏನು ಹೇಳಿದರು, ಯಾರು ಒಪ್ಪಿದರು, ಯಾರು ನಿದ್ದೆ ಹೋದರು ಎಂಬುದರಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಯುತ್ತೇನೆ. ಅಕ್ಕ ನನ್ನನ್ನು ಕರೆಯುತ್ತಿದ್ದದ್ದೇ ‘ನಡಾವಳಿ’ ಎಂದು.

ನಮ್ಮದು ಪ್ರಾದೇಶಿಕ ಸಾರಿಗೆ ಯೋಜನಾ ಸಮಿತಿ. ಹೆಸರೇನೋ ದೊಡ್ಡದು, ಆದರೆ ನಮ್ಮದು ಅಂತ ಹೇಳಿಕೊಳ್ಳಲು ಒಂದು ಅಡಿ ರಸ್ತೆಯಾಗಲಿ ಒಂದು ಬಸ್ಸಾಗಲಿ ಇಲ್ಲ. ನಗರದ ಮತ್ತು ಸುತ್ತಲಿನ ಎಂಟು ಪಟ್ಟಣಗಳ ಪ್ರತಿನಿಧಿಗಳು ತಿಂಗಳಿಗೊಮ್ಮೆ ಉದ್ದನೆಯ ಮೇಜಿನ ಸುತ್ತ ಕೂರುತ್ತಾರೆ. ಮುಂದಿನ ಐದು ವರ್ಷದಲ್ಲಿ ಯಾವ ರಸ್ತೆ ಅಗಲವಾಗಬೇಕು, ಯಾವ ಸೇತುವೆ ರಿಪೇರಿಯಾಗಬೇಕು, ಯಾವ ಬಸ್ ಓಡಬೇಕು ಎಂದು ಪಟ್ಟಿ ಮಾಡುತ್ತಾರೆ. ನಮ್ಮ ಕೈಯಲ್ಲಿರುವುದು ಆ ಪಟ್ಟಿ ಒಂದೇ. ಅದರಲ್ಲಿ ಇಲ್ಲದ ಕೆಲಸಕ್ಕೆ ಮೇಲಿನಿಂದ ಬಿಡಿಗಾಸೂ ಬರುವುದಿಲ್ಲವಾದ್ದರಿಂದ ಎಲ್ಲರೂ ನಮ್ಮನ್ನು ಸಹಿಸಿಕೊಂಡಿದ್ದಾರೆ. ನಗರಕ್ಕೆ ಮೂರು ಮತ, ಪಟ್ಟಣಗಳಿಗೆ ಒಂದೊಂದು. ಹಗ್ಗಜಗ್ಗಾಟ ಜೋರಾಗಿ ಯಾರ ಮಾತೂ ಯಾರಿಗೂ ಕೇಳಿಸದಂತಾದಾಗ ಅಧ್ಯಕ್ಷರು ಮೇಜು ತಟ್ಟಿ, “ಒಟ್ಟಾರೆ ಲೆಕ್ಕ ಏನ್ ಹೇಳುತ್ತೆ?” ಎಂದು ಕೇಳುತ್ತಾರೆ. ಆ ಲೆಕ್ಕ ಅಂದರೆ ಅಕ್ಕನ ಹಾಳೆ.

ಹಾಳೆಯಲ್ಲಿ ಆರು ಕಾಲಂ: ಬಸ್ಸು, ಬಸ್ಸಿನೊಳಗಿನ ಜನ, ಲಾರಿ, ಕಾರು, ಬೈಕು, ಸೈಕಲ್ಲು. ನಾಲ್ಕು ಗೀರು ನೆಟ್ಟಗೆ, ಐದನೆಯದು ಅಡ್ಡ. ಅಕ್ಕ ಪೆನ್ಸಿಲ್ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ, ಹನಿ ಬಿದ್ದರೆ ಶಾಯಿ ಹರಡುತ್ತದೆ ಅಂತ. ಒಂದು ಕೈಯಲ್ಲಿ ಚಹಾ ಲೋಟ ಇದ್ದರೆ ಇನ್ನೊಂದು ಕೈಯಿಂದ ಬಿಡಿ ಅಂಗಿಗುಂಡಿಗಳನ್ನು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ದಾಟಿಸುತ್ತಿದ್ದರು. ದೊಡ್ಡ ಗುಂಡಿ ಬಸ್ಸು, ಸಣ್ಣದು ಕಾರು. ಲೋಟ ಕೆಳಗಿಟ್ಟ ಮೇಲೆ ಗುಂಡಿಗಳನ್ನು ಹಾಳೆಗೆ ಇಳಿಸುತ್ತಿದ್ದರು. ಈ ಚಟ ಎಲ್ಲಿಗೆ ಹೋಗಿ ಮುಟ್ಟಿತ್ತೆಂದರೆ, ಒಮ್ಮೆ ಸಭೆ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು, “ನಡಾವಳಿ, ಅಧ್ಯಕ್ಷರು ಇವತ್ತು ನಲವತ್ತೊಂದು ಸಲ ‘ಒಟ್ಟಾರೆ’ ಅಂದ್ರು. ಅದನ್ನೂ ಬರಿ,” ಎಂದರು. ನನಗೆ ನನ್ನ ಕೆಲಸ ಬೇಕಿತ್ತು, ಬರೆಯಲಿಲ್ಲ.

ಎಣಿಕೆಗೆ ಹೊಸದಾಗಿ ಬಂದವರಿಗೆ ಅವರು ಹೇಳಿಕೊಡುತ್ತಿದ್ದದ್ದು ಎರಡೇ ಮಾತು. “ಕಂಡಿದ್ದಷ್ಟೇ ಬರೀಬೇಕು. ಕಾಲಂ ಇಲ್ಲದ್ದನ್ನ ಬರೀಬಾರ್ದು.” ಈ ಎರಡನೆಯ ಮಾತೇ ಕೊನೆಗೆ ಅವರ ಕುತ್ತಿಗೆಗೆ ಬಂತು.

ನಮ್ಮ ನದಿಗೆ ಎರಡು ಸೇತುವೆ. ಹೊಸದರ ಮೇಲೆ ಬೇಕಾದಷ್ಟು ಬಸ್ಸುಗಳಿವೆ, ಹಳೆಯದರ ಮೇಲೆ ಹೋಗುವುದು ಏಳನೇ ನಂಬರ್ ಒಂದೇ. ಮೊದಲಿನಿಂದ ನಡೆದು ಬಂದ ನಮ್ಮ ಕ್ರಮ ಹೀಗಿದೆ: ನದಿಯೇ ಗೆರೆ, ಗೆರೆ ದಾಟಿದವರನ್ನು ಎಣಿಸಿದರೆ ಊರಿನ ಓಡಾಟ ತಿಳಿಯುತ್ತದೆ. ಅದಕ್ಕಾಗಿ ಎಣಿಸುವವರು ಸೇತುವೆಯ ನಟ್ಟನಡುವೆ ಕೂರಬೇಕು. ಹಳೆ ಸೇತುವೆ ಇಕ್ಕಟ್ಟಾದ್ದರಿಂದ ಬಸ್ಸು ಅಲ್ಲಿ ಆಮೆಯ ಹಾಗೆ ತೆವಳುತ್ತದೆ, ಕಿಟಕಿಯಲ್ಲಿ ತಲೆ ಎಣಿಸುವುದು ಸುಲಭ. ಬಸ್ ನಿಗಮದವರ ಟಿಕೆಟ್ ಲೆಕ್ಕ ಬೇರೆ ಇದೆ. ಅದು ಅವರ ಸೊತ್ತು, ಕೇಳಿದರೆ ನಮ್ಮ ಪಟ್ಟಿ ಮುಗಿದ ಮೇಲೆ ಬರುತ್ತದೆ.

ಕೆಲಸಕ್ಕೆ ಸೇರಿದ ಇಪ್ಪತ್ತಮೂರನೆಯ ವರ್ಷ ಅಕ್ಕ ಮೂರು ದಿನ ಹಳೆ ಸೇತುವೆಯ ಮೇಲೆ ಕೂತು ಎಣಿಸಿದರು. ಏಳನೇ ನಂಬರಿನಲ್ಲಿ ಒಂದು ಸಲಕ್ಕೆ ಸರಾಸರಿ ಮೂರು ಜನ. ಯೋಜನಾಧಿಕಾರಿ ಆ ಹಾಳೆಯನ್ನು ಗೋಡೆಯ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದರು. ಅವರು ಕೆಟ್ಟ ಮನುಷ್ಯರಲ್ಲ, ಹಾಳೆಯ ಆಚೆ ಕಣ್ಣು ಹಾಯಿಸುವ ಅಭ್ಯಾಸ ಮಾತ್ರ ಇಲ್ಲ. ‘ಏಳನೇ ನಂಬರ್ ಬಸ್ಸಿಗೆ ಪ್ರಯಾಣಿಕರಿಲ್ಲ. ಪಟ್ಟಿಯಿಂದ ಕೈಬಿಡಲು ತಾತ್ಕಾಲಿಕ ಒಪ್ಪಿಗೆ ನೀಡಲಾಯಿತು’ ಎಂದು ನಾನೇ ಬರೆದೆ. ಬರೆದು ಊಟಕ್ಕೆ ಹೋದೆ.

ಪಟ್ಟಿ ಪಕ್ಕಾ ಆಗುವ ಮೊದಲು ಮೂವತ್ತು ದಿನ ಸಾರ್ವಜನಿಕರ ಆಕ್ಷೇಪಣೆಗೆ ಬಿಡಬೇಕು. ಅದಕ್ಕಾಗಿ ಬಸ್ ನಿಲ್ದಾಣಗಳಲ್ಲಿ ನೋಟಿಸು ಅಂಟಿಸುತ್ತೇವೆ. ಅಕ್ಷರ ಎಷ್ಟು ಸಣ್ಣದೆಂದರೆ, ಆಕ್ಷೇಪಣೆ ಬಾರದಿರಲಿ ಎಂದೇ ಅಂಟಿಸಿದ ಹಾಗಿರುತ್ತದೆ. ಆದರೂ ಒಬ್ಬಳು ಓದಿದಳು. ಅವಳು ಅಕ್ಕನ ಒಡಹುಟ್ಟಿದ ತಂಗಿ.

ತಂಗಿಗೆ ನದಿಯಾಚೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಕಾಯಂ ಆಗಲು ಇನ್ನು ಎಂಟೇ ತಿಂಗಳಿತ್ತು. ಏಳು ಗಂಟೆಗೆ ಒಳಗಿರಬೇಕು, ತಿಂಗಳಲ್ಲಿ ಮೂರು ಸಲ ತಡವಾದರೆ ಮನೆಗೆ. ಹೊಸ ಸೇತುವೆಯ ದಾರಿಯಲ್ಲಿ ಎರಡು ಬಸ್ ಬದಲಾಯಿಸಿ ಏಳಕ್ಕೆ ಅಲ್ಲಿ ಮುಟ್ಟುವುದು ಸಾಧ್ಯವೇ ಇರಲಿಲ್ಲ. ಏಳನೇ ನಂಬರ್ ನಿಂತರೆ ಅವಳ ಕೆಲಸವೂ ನಿಂತ ಹಾಗೆ. ಆ ಸಂಜೆ ಅವಳು ಚಪ್ಪಲಿಯನ್ನೂ ಬಿಡದೆ ಅಕ್ಕನ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳಂತೆ. ಮುಂದಿನದನ್ನು ಅಕ್ಕನೇ ನನಗೆ ಹೇಳಿದ್ದು.

“ಮೂರೇ ಜನ ಅಂತ ಬರೆದೋಳು ನೀನೇನಾ?”

“ಮೂರೇ ಇದ್ದಿದ್ದು.”

“ಬೆಳಿಗ್ಗೆ ಆ ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ ಕಣೇ. ಸೇತುವೆ ಹತ್ರ ಬಂದು ಅರ್ಧ ಗಂಟೆ ನಿಂತುಬಿಡುತ್ತೆ, ಅದಕ್ಕೇ ಎಲ್ಲರೂ ಅಲ್ಲೇ ಇಳಿದು ನಡ್ಕೊಂಡು ದಾಟ್ತೀವಿ. ಹತ್ತು ನಿಮಿಷದ ದಾರಿ. ನಿನ್ನ ಮುಂದೇನೇ ಹೋಗ್ತೀವಲ್ಲ. ನಾನು ಕೈ ಬೀಸಲಿಲ್ವಾ?”

ಬೀಸಿದ್ದಳು. ಅಕ್ಕನೂ ನಕ್ಕಿದ್ದರು. ನಕ್ಕು, ಮತ್ತೆ ಕಿಟಕಿಯ ತಲೆಗಳ ಕಡೆ ಕಣ್ಣು ತಿರುಗಿಸಿದ್ದರು.

“ನಡಿಯೋರಿಗೆ ಕಾಲಂ ಇಲ್ಲ,” ಎಂದರಂತೆ.

“ಹಾಗಾದ್ರೆ ಮೂರರ ಮುಂದೆ ಒಂದು ಸೊನ್ನೆ ಹಾಕು. ಯಾರು ನೋಡ್ತಾರೆ?”

“ನಾನು ನೋಡ್ತೀನಿ.”

“ಸರಿ, ನಿನ್ನ ಹಾಳೆನೇ ತಬ್ಕೊಂಡು ಮಲಕ್ಕೊ,” ಎಂದು ತಂಗಿ ಬಂದ ದಾರಿಯಲ್ಲೇ ಹೊರಟುಹೋದಳು. ಆಮೇಲೆ ಮೂರು ವಾರ ಮಾತಿಲ್ಲ ಕತೆಯಿಲ್ಲ.

ಮರುದಿನ ಅಕ್ಕ ಯೋಜನಾಧಿಕಾರಿಯ ಕೋಣೆಗೆ ಹೋದರು. ಯಾವುದೋ ಕಡತಕ್ಕೆ ಸಹಿ ಹಾಕಿಸಿಕೊಳ್ಳಲು ನಾನೂ ಅಲ್ಲಿದ್ದೆ.

“ಸಾರ್, ಹಳೆ ಸೇತುವೇದು ಇನ್ನೊಂದು ಸಲ ಎಣಿಸ್ಬೇಕು. ಬಸ್ಸಿಳಿದು ನಡ್ಕೊಂಡು ದಾಟೋರನ್ನ.”

“ಫಾರಂನಲ್ಲಿ ಆ ಕಾಲಂ ಎಲ್ಲಿದೆ ಅಕ್ಕ?”

“ಸೇರಿಸಿ.”

“ಫಾರಂ ಬದಲಾಯಿಸೋದು ನನ್ನ ಕೈಲಿಲ್ಲ, ಸಮಿತಿ ಠರಾವು ಆಗ್ಬೇಕು. ಸಮಿತಿ ಮುಂದೆ ಅದು ಬರ್ಬೇಕಂದ್ರೆ ಸಾರ್ವಜನಿಕರು ಯಾರಾದ್ರೂ ಆಕ್ಷೇಪಣೆ ಹಾಕ್ಬೇಕು.”

“ನಾನೇ ಹಾಕ್ತೀನಿ.”

“ನೀವು ನಮ್ಮೋರು. ನಮ್ಮೋರು ಹಾಕೋ ಹಾಗಿಲ್ಲ. ಆಕ್ಷೇಪಣೆ ಹಾಕಿದೋರಿಗೆ ಮತ್ತೆ ಎಣಿಕೆ ಕೆಲಸ ಕೊಡೋ ಹಾಗೂ ಇಲ್ಲ. ನಿಯಮ ನಾನು ಮಾಡಿದ್ದಲ್ಲ.”

ಅಕ್ಕ ಕುತ್ತಿಗೆಯಿಂದ ಗುರುತಿನ ಚೀಟಿ ತೆಗೆದು ಮೇಜಿನ ಗಾಜಿನ ಮೇಲಿಟ್ಟರು. ನಾನು ಕಾರಿಡಾರಿಗೆ ಅವರ ಹಿಂದೆಯೇ ಓಡಿದೆ. “ಅಕ್ಕ, ನಿಮಗೇನು ತಲೆ ಕೆಟ್ಟಿದೆಯಾ? ತಂಗಿ ಕೆಲಸ ಉಳಿಸೋಕೆ ನಿಮ್ಮ ಕೆಲಸ ಕಳ್ಕೊಳ್ತೀರಾ?” ಎಂದೆ. ಕೋಪದಲ್ಲೇ ಎಂದೆ, ಯಾಕೆಂದರೆ ನನಗೆ ಹೆದರಿಕೆಯಾಗಿತ್ತು. ಅವರು ಹೋದರೆ ಮಧ್ಯಾಹ್ನ ಡಬ್ಬಿ ಬಿಚ್ಚಲು ನನಗೆ ಇನ್ಯಾರೂ ಜೊತೆ ಇರಲಿಲ್ಲ.

“ಅವಳ ಕೆಲಸಕ್ಕೂ ಹೌದು,” ಎಂದರು. “ಆದ್ರೆ ಹಾಳೆ ಅರ್ಧ ಆಗಿದೆಯಲ್ಲ, ಅದು ನನ್ನದು.”

ಸ್ಟೂಲ್ ಕಚೇರಿಯದ್ದು, ಅದನ್ನೂ ಒಪ್ಪಿಸಿ ಹೋದರು. ಮುಂದಿನ ಮೂರು ದಿನ ಬೆಳಿಗ್ಗೆ ಐದೂವರೆಯಿಂದ ಒಂಬತ್ತರವರೆಗೆ ಸೇತುವೆಯ ಬಾಯಲ್ಲಿ ನಿಂತುಕೊಂಡೇ ಎಣಿಸಿದರು. ದಾರಿಹೋಕರನ್ನೆಲ್ಲ ಅಲ್ಲ, ಏಳನೇ ನಂಬರಿನಿಂದ ಇಳಿದು ಸೇತುವೆ ಹತ್ತಿದವರನ್ನು ಮಾತ್ರ. ಹಳೆಯ ನೋಟ್ ಪುಸ್ತಕದಲ್ಲಿ ಗೆರೆ ಎಳೆದು, ಮೇಲೆ ‘ನಡೆದು ದಾಟಿದವರು’ ಎಂದು ಬರೆದುಕೊಂಡಿದ್ದರು. ಅವರ ಇಪ್ಪತ್ತಮೂರು ವರ್ಷದಲ್ಲಿ ಅವರೇ ಮಾಡಿದ ಮೊದಲ ಕಾಲಂ ಅದು.

ಆಕ್ಷೇಪಣೆಯ ಸಭೆಯಲ್ಲಿ ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಮೂರಾದ ಕೂಡಲೇ ಗಂಟೆ ಒತ್ತುವ ಕೆಲಸವೂ ನನ್ನದೇ. ಅಕ್ಕ ಯಾವಾಗಲೂ ಗೋಡೆಯ ಪಕ್ಕ ಕೂರುತ್ತಿದ್ದವರು, ಅವತ್ತು ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಹಿಂದಿನ ಸಾಲಿನಲ್ಲಿ ತಂಗಿ ಇದ್ದಳು. ಅವಳು ಬರುವುದು ಅಕ್ಕನಿಗೆ ಗೊತ್ತಿರಲಿಲ್ಲ.

“ಬಸ್ಸಲ್ಲಿ ಮೂರು ಜನ ಅಂತ ಬರೆದೋಳು ನಾನು,” ಎಂದು ಶುರುಮಾಡಿದರು. “ಅದು ಸರಿಯಾಗೇ ಇದೆ. ಸೇತುವೆ ಬಾಯಲ್ಲಿ ಇಳಿದು ನಡೆದೋರು ಮೊದಲನೇ ದಿನ ಇನ್ನೂರ ಹನ್ನೆರಡು, ಎರಡನೇ ದಿನ ನೂರ ತೊಂಬತ್ತೆಂಟು, ಮೂರನೇ ದಿನ ಇನ್ನೂರ ಇಪ್ಪತ್ತು. ಅದರಲ್ಲಿ ಒಬ್ಬಳು ನನ್ನ ತಂಗಿ. ಅದನ್ನೂ ಹೇಳಿಬಿಡ್ತೀನಿ, ಆಮೇಲೆ ಯಾರೂ ಎತ್ತಿ ಆಡಬಾರದು.”

ನಗರದ ಪ್ರತಿನಿಧಿಯೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು. “ಹಾಗಾದ್ರೆ ನಿಮ್ಮ ಎರಡು ಲೆಕ್ಕದಲ್ಲಿ ಸುಳ್ಳು ಯಾವುದಮ್ಮ?”

“ಎರಡೂ ನಿಜ ಸಾರ್. ಬಸ್ಸೊಳಗೆ ಎಷ್ಟು ಜನ ಅಂತ ಕೇಳಿದ್ರಿ, ಹೇಳಿದೆ. ಇಳಿದೋರು ಎಷ್ಟು ಅಂತ ನೀವು ಕೇಳ್ಲಿಲ್ಲ. ನಿಮ್ಮ ತಪ್ಪು ಅಂತ ಹೇಳೋಕೆ ಬಂದಿಲ್ಲ. ನೀವು ಸೇತುವೆ ಮೇಲೆ ಇರ್ಲಿಲ್ಲ, ನಾನಿದ್ದೆ. ಅಷ್ಟು ಜನ ನನ್ನ ಪಕ್ಕದಲ್ಲೇ ನಡ್ಕೊಂಡು ಹೋದ್ರು. ಕಾಲಂ ಇಲ್ಲ ಅಂತ ಬಾಯಿ ಮುಚ್ಕೊಂಡು ಕೂತಿದ್ದೆ. ಅದು ನನ್ನ ತಪ್ಪು.”

ಗಡಿಯಾರ ನೋಡಿದೆ. ಇನ್ನೂ ಹತ್ತು ಸೆಕೆಂಡ್ ಬಾಕಿ ಇತ್ತು. ಅಕ್ಕ ನನ್ನ ಕಡೆ ಒಮ್ಮೆ ನೋಡಿ ಕೂತುಬಿಟ್ಟರು. ನಾನು ಗಂಟೆಯ ಮೇಲಿಂದ ಬೆರಳು ತೆಗೆದೆ.

ಪರ ಏಳು, ವಿರುದ್ಧ ನಾಲ್ಕು. ಫಾರಂಗೆ ಏಳನೇ ಕಾಲಂ ಸೇರಿಸಿ ಮತ್ತೆ ಎಣಿಸುವುದು, ಅಲ್ಲಿಯವರೆಗೆ ಬಸ್ಸು ಓಡಲಿ, ನಡೆದು ದಾಟುವವರು ನೂರೈವತ್ತಕ್ಕಿಂತ ಹೆಚ್ಚಿದ್ದರೆ ಪಟ್ಟಿಯಲ್ಲೇ ಉಳಿಯಲಿ ಎಂದು ತೀರ್ಮಾನವಾಯಿತು. ಅದನ್ನೂ ನಾನೇ ಬರೆದೆ, ಅಕ್ಷರ ದಪ್ಪಗೆ ಬರುವ ಹಾಗೆ. ಹೊರಗೆ ಬಂದಾಗ ತಂಗಿ ಮೆಟ್ಟಿಲ ಹತ್ತಿರ ಅಕ್ಕನ ಚೀಲ ಹಿಡಿದುಕೊಂಡು ನಿಂತಿದ್ದಳು. “ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯಾ?” ಎಂದು ಗದರುತ್ತಿದ್ದಳು.

ಅಕ್ಕನ ಗುತ್ತಿಗೆಯ ಕಾಗದ ಆ ವರ್ಷ ಬರಲಿಲ್ಲ. ಯೋಜನಾಧಿಕಾರಿ ಎರಡು ಸಲ ಮೇಲಕ್ಕೆ ಬರೆದರು, ಎರಡು ಸಲವೂ ಉತ್ತರವಾಗಿ ನಿಯಮದ ಸಂಖ್ಯೆಯಷ್ಟೇ ವಾಪಸ್ ಬಂತು. ಕೊನೆಗೆ ತಂಗಿಯೇ ಆಸ್ಪತ್ರೆಯಲ್ಲಿ ಹೇಳಿ ಕೇಳಿ ಒಂದು ಕೆಲಸ ಕೊಡಿಸಿದಳು. ವಾರ್ಡುಗಳಿಂದ ಒಗೆಯಲು ಬರುವ ಹಾಸಿಗೆ ಬಟ್ಟೆ ಎಷ್ಟು, ಒಗೆದು ವಾಪಸ್ ಹೋಗುವುದು ಎಷ್ಟು ಎಂದು ಎಣಿಸಿ ಬರೆಯುವುದು. “ನಿಂತಲ್ಲಿ ನಿಲ್ಲದ ಬಸ್ಸಿಗಿಂತ ಇದು ವಾಸಿ,” ಎಂದರು ಅಕ್ಕ. “ಬೆಡ್‌ಶೀಟು ಓಡಿಹೋಗಲ್ಲ.”

ಹೊಸ ಎಣಿಕೆಗೆ ಒಬ್ಬ ನಿವೃತ್ತ ಕಂಡಕ್ಟರನ್ನು ಹಾಕಿದ್ದರು, ಹಾಳೆಗೆ ಮೇಲುಸಹಿ ಮಾಡಲು ನನ್ನನ್ನು ಕಳಿಸಿದ್ದರು. ಮೂರನೆಯ ದಿನದ ಬೆಳಿಗ್ಗೆ ಆರು ದಾಟಿತ್ತು. ಕಂಡಕ್ಟರ್ ಅಕ್ಕನ ಹಳೆಯ ಸ್ಟೂಲಿನ ಮೇಲೆ ಸೇತುವೆಯ ಬಾಯಲ್ಲಿ ಕೂತಿದ್ದರು. ಮೊದಲೆರಡು ದಿನವೂ ಲೆಕ್ಕ ಇನ್ನೂರರ ಹತ್ತಿರವೇ ಇತ್ತು. ಏಳನೇ ನಂಬರ್ ಬಂದು ನಿಂತಿತು. ಇಳಿದವರಲ್ಲಿ ಮೊದಲನೆಯವರೇ ಅಕ್ಕ. ಆಸ್ಪತ್ರೆಯಲ್ಲಿ ಅವರಿಗೆ ಅದು ಮೊದಲ ದಿನ.

ಕಂಡಕ್ಟರ್ ಪೆನ್ಸಿಲ್ ಎತ್ತಿದವರು ಹಾಗೇ ನಿಲ್ಲಿಸಿ ನನ್ನ ಕಡೆ ನೋಡಿದರು. “ಸಾರ್, ಇವರು ಆಕ್ಷೇಪಣೆ ಹಾಕಿದೋರಲ್ವಾ? ಇವರನ್ನ ಎಣಿಸಬಹುದಾ?”

ನಾನು ಚೀಲದಲ್ಲಿ ನಿಯಮದ ಪುಸ್ತಕ ಹುಡುಕತೊಡಗಿದೆ.

ಅಕ್ಕ ನಿಂತರು. “ನಾನು ಬಸ್ಸಿಳಿದು ನಡೀತಿದೀನೋ ಇಲ್ವೋ?”

“ನಡೀತಿದೀರಿ.”

“ಮತ್ತೆ ಹಾಕಿ ಒಂದು ಗೀರು.”

ಕಂಡಕ್ಟರ್ ಏಳನೇ ಕಾಲಂನಲ್ಲಿ ಒಂದು ಗೀರು ಎಳೆದರು. ಅಕ್ಕ ಬಗ್ಗಿ ಅದನ್ನು ಸ್ವಲ್ಪ ಹೊತ್ತು ನೋಡಿದರು. ಇಪ್ಪತ್ತಮೂರು ವರ್ಷದಲ್ಲಿ ಅವರನ್ನು ಯಾರೂ ಎಣಿಸಿರಲಿಲ್ಲ. ಬಸ್ಸಿನ ಬಾಗಿಲಲ್ಲಿ ಜನರ ನಡುವೆ ಸಿಕ್ಕಿಕೊಂಡಿದ್ದ ತಂಗಿ ಅಲ್ಲಿಂದಲೇ ಕೈ ಬೀಸಿದಳು. ಎರಡು ದಿನದಿಂದ ನೋಡಿದ್ದ ಅವಳನ್ನು ಗುರುತು ಹಿಡಿದ ಕಂಡಕ್ಟರ್ ನಗುತ್ತ ಎರಡನೇ ಗೀರಿಗೆ ಪೆನ್ಸಿಲ್ ಊರಿದರು.

ಅಕ್ಕ ಅವರ ಕೈ ತಡೆದರು.

“ಇನ್ನೂ ಇಳಿದಿಲ್ಲ,” ಎಂದರು. “ಇಳೀಲಿ, ಆಮೇಲೆ ಹಾಕಿ.”