ಗೋದಲಿಗೆ ತಂದ ಹುಲ್ಲು

ಎಷ್ಟು ವರ್ಷ ಕಳೆದರೂ ಡಿಸೆಂಬರ್ ಬಂತೆಂದರೆ ನಾನು ಹೆಜ್ಜೆ ಎಣಿಸಲು ತೊಡಗುತ್ತೇನೆ. ನಾನು ನಿಂತಿದ್ದ ಜಾಗದಿಂದ ಮಗಳು ಕೂತಿದ್ದ ಜಾಗಕ್ಕೆ ನಾಲ್ಕು ಹೆಜ್ಜೆ. ಮೇಲಿನ ಮನೆಯಾಕೆ ನಿಂತಿದ್ದ ಬಾಗಿಲಿನಿಂದ ಹನ್ನೊಂದು. ಮೊದಲು ತಲುಪಿದವರು ಆಕೆ.

ಆಗ ನಾವು ಲಿಂಗಂಪಲ್ಲಿ ಸ್ಟೇಷನ್ನಿನ ಆಚೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನಗೆ ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಗಂಡ ಆ ಚಳಿಗಾಲವಿಡೀ ಪುಣೆಯ ಪ್ರಾಜೆಕ್ಟಿನಲ್ಲಿದ್ದ. ಮಗಳಿಗೆ ಐದು ವರ್ಷ. ನಾನು ಬೆಳೆದದ್ದು ಬೆಟಗೇರಿಯ ಕ್ರೈಸ್ತರ ಓಣಿಯಲ್ಲಿ. ಇಲ್ಲಿ ಇಡೀ ಅಪಾರ್ಟ್‌ಮೆಂಟಿಗೆ ಕ್ರೈಸ್ತರ ಮನೆ ನಮ್ಮದೊಂದೇ.

ಹಾಗಿದ್ದೂ ಅಲ್ಲಿಯ ಕ್ರಿಸ್‌ಮಸ್ ಮಾಡುತ್ತಿದ್ದವಳು ನಾನಲ್ಲ, ನಮ್ಮ ಮೇಲಿನ ಮನೆಯಾಕೆ. ಮೈಸೂರಿನವರು, ಮನೆಯಲ್ಲಿ ನಿತ್ಯ ದೇವರ ಪೂಜೆ ಮಾಡುವವರು, ನಮ್ಮ ಹಾಗೆಯೇ ಸಾಫ್ಟ್‌ವೇರಿನವರು. ಮಕ್ಕಳಿರಲಿಲ್ಲ. ಡಿಸೆಂಬರ್ ಮೊದಲ ಶನಿವಾರ ಕೋಠಿ ಮಾರುಕಟ್ಟೆಗೆ ಹೋಗಿ ಎರಡು ಆಟೋ ತುಂಬ ಥರ್ಮಾಕೋಲು, ಹತ್ತಿ, ಬಣ್ಣದ ಕಾಗದ, ಮಿಣುಕು ದೀಪಗಳ ಸೀರಿಯಲ್ ಸೆಟ್ಟುಗಳನ್ನು ತರುತ್ತಿದ್ದರು. ಕೆಳಗಿನ ಸಮಾರಂಭದ ಹಾಲ್‌ನಲ್ಲಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕತ್ತರಿಸುತ್ತ ಅಂಟಿಸುತ್ತ ಕೂತರೆ ಅವರ ನಗು ನಮ್ಮ ಅಡುಗೆಮನೆಯವರೆಗೆ ಕೇಳುತ್ತಿತ್ತು. ಕ್ರಿಸ್‌ಮಸ್ ತಾತ, ಹಿಮದ ಗುಡ್ಡ, ಚಾಕೊಲೇಟಿನ ಮರ, ಎಲ್ಲವೂ ಇರುತ್ತಿದ್ದವು. ಯಾರ ಹುಟ್ಟುಹಬ್ಬ ಎಂಬುದು ಮಾತ್ರ ಎಲ್ಲೂ ಇರುತ್ತಿರಲಿಲ್ಲ.

ನನಗೆ ಸಂಕಟವಾಗುತ್ತಿದ್ದದ್ದು ಆ ಕಾರಣಕ್ಕೆ ಎಂದು ನಾನು ಬಹಳ ಕಾಲ ನಂಬಿದ್ದೆ.

ನಮ್ಮ ಮನೆಯ ಪದ್ಧತಿ ಬೇರೆ. ಹಬ್ಬಕ್ಕೆ ನಾಲ್ಕು ವಾರ ಇರುವಾಗ ಅವ್ವ ಮರದ ಪುಟ್ಟ ಗೋದಲಿಯನ್ನು ಮೇಜಿನ ಮೇಲೆ ಇಡುತ್ತಿದ್ದಳು. ದನಗಳಿಗೆ ಮೇವು ಹಾಕುವ ಇಂಥ ಗೋದಲಿಯಲ್ಲೇ ಹುಟ್ಟಿದ ಯೇಸುವನ್ನು ಮಲಗಿಸಿದ್ದು; ನಮ್ಮದು ಖಾಲಿ ಇರುತ್ತಿತ್ತು. ಅಂದಂದು ಯಾರಿಗಾದರೂ ಒಳ್ಳೆಯದು ಮಾಡಿದ್ದರೆ ಸಂಜೆ ಪ್ರಾರ್ಥನೆಯ ಹೊತ್ತಿಗೆ ಅದರಲ್ಲಿ ಒಂದು ಹುಲ್ಲಿನ ಕಡ್ಡಿ ಹಾಕಬೇಕು. ಏನು ಮಾಡಿದೆ ಎಂದು ಯಾರಿಗೂ ಹೇಳಬಾರದು. ಹೇಳಿಕೊಂಡರೆ ಕಡ್ಡಿ ಹಿಂದಕ್ಕೆ ತೆಗೆಯಬೇಕು. ನಾವು ಮಾಡಿದ ಒಳ್ಳೆಯದರ ಮೇಲೆ ಕೂಸು ಮಲಗುತ್ತದೆ, ಮಾಡದಿದ್ದರೆ ಬರೀ ಹಲಗೆಯ ಮೇಲೆ. ಕೂಸೆಂದರೆ ಅವ್ವ ಹೊಲಿದ, ಅಂಗೈಗಿಂತ ಸ್ವಲ್ಪ ದೊಡ್ಡ ಬಟ್ಟೆಯ ಬೊಂಬೆ. ಹಬ್ಬದ ಬೆಳಿಗ್ಗೆಯವರೆಗೆ ಟ್ರಂಕಿನಲ್ಲಿರುತ್ತಿತ್ತು. ಮದುವೆಯಾಗಿ ಹೊರಟಾಗ ಗೋದಲಿಯನ್ನೂ ಬೊಂಬೆಯನ್ನೂ ನನಗೆ ಕೊಟ್ಟಳು.

ಆ ವರ್ಷ ಮಗಳು ಮೂರು ದಿನ ಕಡ್ಡಿ ಹಾಕಿದಳು. ನಾಲ್ಕನೆಯ ದಿನ ಪ್ರಾರ್ಥನೆಗೆ ಕರೆದರೆ ಕೆಳಗಿನ ಹಾಲ್‌ನಿಂದ ಬರಲೇ ಇಲ್ಲ. ನಾನೇ ಹೋಗಿ ಎಳೆದು ತಂದೆ. ಮೆಟ್ಟಿಲ ಮೇಲೆ ಅಳುತ್ತಳುತ್ತ ಅಂದಳು:

"ಆಂಟಿ ಕ್ರಿಸ್‌ಮಸ್ ಭಾಳ ಚಲೋ ಐತಿ ಮಮ್ಮಿ. ನಮ್ದು ಬರೇ ಹುಲ್ಲು."

ಅವಳಿಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮರುದಿನ ಸೀದಾ ಮೇಲಿನ ಮನೆಗೆ ಹೋಗಿ, ಈ ಸಲ ಯೇಸುವಿನ ಜನನದ ದೃಶ್ಯ ಮಾಡೋಣ, ನಾನು ಹೇಳಿಕೊಡುತ್ತೇನೆ ಅಂದೆ. ಆಕೆ ಮುಖ ಅರಳಿಸಿ, ನನಗೆ ಅದೇ ಗೊತ್ತಿಲ್ಲದೆ ತಡವರಿಸುತ್ತಿದ್ದೆ, ಕೇಳಲು ಸಂಕೋಚವಾಗಿತ್ತು ಅಂದರು. ಆ ಸಂತೋಷವನ್ನೂ ನನ್ನಿಂದ ಸಹಿಸಲಾಗಲಿಲ್ಲ. ಜಗಳವಾಡಲು ತಯಾರಾಗಿ ಹೋದವಳಿಗೆ ಕಾಫಿ ಕೊಟ್ಟು ಕಳಿಸಿದ್ದರು.

ಹಬ್ಬಕ್ಕೆ ಮುಂಚಿನ ಶನಿವಾರ ಸಂಜೆ ಕಾರ್ಯಕ್ರಮ. ಮಧ್ಯಾಹ್ನ ನಾನು ಹಾಲ್‌ಗೆ ಹೋಗಿ ಹಿಮದ ಹತ್ತಿಯನ್ನೆಲ್ಲ ತೆಗೆಸಿದೆ. ಬೆತ್ಲೆಹೇಮಿನಲ್ಲಿ ಹಿಮ ಎಲ್ಲಿಂದ ಬಂತು ಎಂದು ಮಕ್ಕಳ ಎದುರಿಗೇ ಕೇಳಿದೆ. ರೈಲ್ವೆ ಗೇಟಿನ ಹತ್ತಿರದ ಎಮ್ಮೆ ಕೊಟ್ಟಿಗೆಯಿಂದ ಒಂದು ಹೊರೆ ಒಣ ಭತ್ತದ ಹುಲ್ಲು ತರಿಸಿದ್ದೆ. ಅದನ್ನು ವೇದಿಕೆಯ ಮೇಲೆಲ್ಲ ಹರಡಿದೆ. ಮಕ್ಕಳು ಮಾಡಿದ್ದ ಥರ್ಮಾಕೋಲಿನ ಕೊಟ್ಟಿಗೆಯ ಅಂಚಿಗೆ ಆಕೆ ಸೀರಿಯಲ್ ಸೆಟ್ಟು ಸುತ್ತಿದ್ದರು. ಹುಲ್ಲು ಅದರ ಬುಡದವರೆಗೂ ಹೋಯಿತು. ಮನೆಯಿಂದ ತಂದ ಗೋದಲಿಯನ್ನು ನಡುವೆ ಇಟ್ಟು, ಬೊಂಬೆಯನ್ನು ಮಲಗಿಸಿದೆ. ಹಬ್ಬಕ್ಕೆ ಮೊದಲೇ ಬೊಂಬೆಯನ್ನು ಹೊರಗೆ ತೆಗೆದದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಆಕೆ ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಅಂದರು: "ಲೈಟಿನ ಹತ್ರ ಹುಲ್ಲು ಬೇಡ ಅನ್ಸುತ್ತೆ ರೀ. ತುಂಬ ಒಣಗಿದೆ ಅಲ್ವಾ?"

"ಹುಲ್ಲಿಲ್ಲಂದ್ರ ಅದು ಗೋದಲಿನೇ ಅಲ್ರಿ," ಅಂದೆ. "ನಿಮಗ ಗೊತ್ತಿರಲಿಕ್ಕಿಲ್ಲ."

ಆಕೆ ಹತ್ತಿಯನ್ನು ಚೀಲಕ್ಕೆ ತುಂಬಿಕೊಂಡು ಹೋದರು.

ಸಂಜೆ ಆರಕ್ಕೆ ಹಾಲ್ ತುಂಬಿತ್ತು. ನನ್ನ ನೀಲಿ ನೈಲಾನ್ ದುಪಟ್ಟಾ ತಲೆಗೆ ಹೊದ್ದು ಮಗಳು ಯೇಸುವಿನ ತಾಯಿ ಮರಿಯಳಾಗಿ ಗೋದಲಿಯ ಪಕ್ಕ ಕೂತಿದ್ದಳು. ಇದು ಬೊಂಬೆಯಲ್ಲ, ಕರ್ತನ ಕೂಸು, ಏನಾದರೂ ಕೈಬಿಡಬಾರದು ಎಂದು ಅವಳಿಗೆ ಬೆಳಗಿನಿಂದ ಹತ್ತು ಸಲ ಹೇಳಿದ್ದೆ. ಕುರುಬರಾಗಿದ್ದ ಮಕ್ಕಳು ವೇದಿಕೆಯ ಕೆಳಗೆ ಕೂತಿದ್ದರು. ನಾನು ವೇದಿಕೆಯ ತುದಿಯಲ್ಲಿ ನಿಂತು, ಜನನದ ಕಥೆಯನ್ನು ಸರಳ ಹಿಂದಿಯಲ್ಲಿ ಬರೆದುಕೊಂಡಿದ್ದ ಹಾಳೆ ಹಿಡಿದು ಓದುತ್ತಿದ್ದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ದಿನ ತುಂಬಿದ ಮರಿಯಳೂ ಅವಳ ಗಂಡನೂ ಛತ್ರದಲ್ಲಿ ಜಾಗ ಸಿಗದೆ ಅಲೆದ ಭಾಗಕ್ಕೆ ಬಂದಾಗ ತಲೆಯೆತ್ತಿ ಬಾಗಿಲಲ್ಲಿ ನಿಂತಿದ್ದ ಮೇಲಿನ ಮನೆಯಾಕೆಯ ಕಡೆ ನೋಡಿದೆ. ಆಕೆ ಕೇಳುತ್ತಿದ್ದಾರೋ ಇಲ್ಲವೋ ನೋಡಬೇಕಿತ್ತು.

ಆಕೆಯ ಮುಖ ಬದಲಾಗುತ್ತಿತ್ತು. ಕಣ್ಣು ಅಗಲವಾಗಿ, ಬಾಯಿ ಬಿಗಿದು, ಬಣ್ಣವೇ ಇಳಿದುಹೋಗಿತ್ತು. ಅದನ್ನು ನೋಡಿ ನಾನು ಅಂದುಕೊಂಡದ್ದು ಇಷ್ಟು: ಕಡೆಗೂ ಇವಳಿಗೂ ಅಸೂಯೆಯಾಯಿತು. ಆ ಸುಖದಲ್ಲಿ ಇನ್ನೊಂದು ಸಾಲು ಓದಿದೆ, ಇನ್ನೂ ಗಟ್ಟಿಯಾಗಿ.

ಆ ಒಂದು ಸಾಲಿನಷ್ಟು ಹೊತ್ತನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ಪ್ರತಿ ಸಲವೂ ನಾನು ಓದುತ್ತಲೇ ಇರುತ್ತೇನೆ.

ಆಕೆ ಓಡಿ ಬರುವುದು ಕಂಡಿತು. ಆಮೇಲೆ ವಾಸನೆ, ಆಮೇಲೆ ಶಾಖ. ತಿರುಗಿದರೆ ಕೊಟ್ಟಿಗೆಯ ಬುಡದಿಂದ ಬೆಂಕಿ ಹುಲ್ಲಿನ ಮೇಲೆ ಸದ್ದಿಲ್ಲದೆ ಹರಿದು ಬರುತ್ತಿತ್ತು. ಥರ್ಮಾಕೋಲು ಕರಗಿ ತೊಟ್ಟಿಕ್ಕುತ್ತಿತ್ತು. ಮಗಳು ಎದ್ದು ಓಡಬಹುದಿತ್ತು. ವೇದಿಕೆ ಮೊಣಕಾಲಿನಷ್ಟೂ ಎತ್ತರವಿರಲಿಲ್ಲ. ಅವಳು ಓಡಲಿಲ್ಲ. ಬೆಂಕಿಯ ಕಡೆಗೇ ಬಗ್ಗಿ ಎರಡೂ ಕೈಯಿಂದ ಬೊಂಬೆಯನ್ನು ಎತ್ತಿಕೊಳ್ಳುತ್ತಿದ್ದಳು. ದುಪಟ್ಟಾದ ಒಂದು ತುದಿ ಹುಲ್ಲಿನ ಮೇಲೆ ಹರಡಿತ್ತು. ನಾನು ಹಾಳೆ ಹಿಡಿದು ನಿಂತಿದ್ದೆ. ಕೂಗಿದೆನೇ ಎಂದು ಆಮೇಲೆ ಕೆಲವರನ್ನು ಕೇಳಿದ್ದೇನೆ. ಕೇಳಿದ ನೆನಪಿಲ್ಲ ಎಂದೇ ಎಲ್ಲರೂ ಅಂದರು.

ಆಕೆ ದುಪಟ್ಟಾವನ್ನು ಕಿತ್ತು ಎಸೆದು, ಮಗಳನ್ನು ಬೊಂಬೆ ಸಮೇತ ಎದೆಗವಚಿಕೊಂಡು ಕೆಳಗೆ ಹಾರಿದರು. ಅಷ್ಟರಲ್ಲಿ ಕರಗಿದ ಥರ್ಮಾಕೋಲು ಆಕೆಯ ಬಲಗೈಯ ಮೇಲೆ ಬಿದ್ದಿತ್ತು. ವಾಚ್‌ಮನ್ ಕರೆಂಟು ತೆಗೆದು ಮರಳಿನ ಬಕೆಟ್ಟು ಸುರಿದ. ಮೂರು ನಿಮಿಷದಲ್ಲಿ ಎಲ್ಲ ಮುಗಿಯಿತು. ಮಗಳಿಗೆ ಹುಬ್ಬಿನ ಒಂದಿಷ್ಟು ಕೂದಲು ಸುಟ್ಟದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನಾನು ಕೈಚಾಚಿದರೂ ಅವಳು ಆಕೆಯ ಕೊರಳು ಬಿಡಲಿಲ್ಲ. ಆಸ್ಪತ್ರೆಗೆ ಆಕೆಯನ್ನು ಕರೆದೊಯ್ಯುವಾಗ ಅವಳನ್ನು ಬಿಡಿಸಿಕೊಳ್ಳಬೇಕಾಯಿತು. ಬೊಂಬೆ ಆಕೆಯ ಬಳಿಯೇ ಉಳಿಯಿತು.

ಸೋಮವಾರ ಸಂಜೆ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ನಮ್ಮ ಮನೆಗೆ ಬಂದರು. ನಿವೃತ್ತ ಎಂಜಿನಿಯರು, ತೆಲುಗಿನವರು. ಆ ಹೆಂಗಸಿನ ಬೇಜವಾಬ್ದಾರಿಯಿಂದ ನಿಮ್ಮ ಮಗುವಿನ ಜೀವ ಹೋಗುತ್ತಿತ್ತು ಎಂದು ತೆಲುಗಿನಲ್ಲಿ ಬಹಳ ಹೊತ್ತು ಮರುಗಿದರು. ಹುಲ್ಲು ಯಾರು ತಂದದ್ದು ಎಂದು ಆಕೆಯನ್ನು ವಿಚಾರಿಸಿದ್ದರಂತೆ. ಏರ್ಪಾಟು ಎಲ್ಲ ತನ್ನದೇ, ತಪ್ಪೂ ತನ್ನದೇ ಎಂದರಂತೆ. ಇನ್ನು ಮುಂದೆ ಅವರಿಗೆ ಹಾಲ್ ಕೊಡುವುದಿಲ್ಲ, ಮಕ್ಕಳ ಕಾರ್ಯಕ್ರಮ ಯಾವುದನ್ನೂ ಒಪ್ಪಿಸುವುದಿಲ್ಲ ಎಂದು ತೀರ್ಮಾನವಾಗಿದೆ, ಬರುವ ವರ್ಷದಿಂದ ಕ್ರಿಸ್‌ಮಸ್ ನೀವೇ ನಡೆಸಿಕೊಡಿ, ನಿಜವಾಗಿ ತಿಳಿದವರು ನೀವೇ ತಾನೆ ಅಂದರು.

ನನಗೆ ಬೇಕಾಗಿದ್ದದ್ದೆಲ್ಲ ಚಹಾದ ಕಪ್ಪಿನ ಪಕ್ಕ ಬಂದು ಕೂತಿತ್ತು. ಸರಿ ಎಂದು ತಲೆಯಾಡಿಸಿದೆ.

ಅಂದಿನಿಂದ ಹಬ್ಬದ ಹಿಂದಿನ ದಿನದವರೆಗೆ ಮೆಟ್ಟಿಲಲ್ಲಿ ಆಕೆಯ ಸದ್ದು ಕೇಳಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಹೇಳದೆ ಮಾಡಿದ ಒಳ್ಳೆಯದಕ್ಕೆ ಒಂದು ಕಡ್ಡಿ. ನಮ್ಮ ಪದ್ಧತಿಯಂತೆ ಆ ಕಡ್ಡಿ ಆಕೆಗೆ ಸಲ್ಲಬೇಕಿತ್ತು. ಆ ಪದ್ಧತಿಯ ಹೆಸರೂ ಆಕೆಗೆ ಗೊತ್ತಿರಲಿಲ್ಲ. ನಾನು ಮೂವತ್ತು ವರ್ಷ ಹುಲ್ಲು ಹಾಕಿದವಳು. ಬೆಂಕಿಗಿಂತ ಇದೇ ನನ್ನನ್ನು ಹೆಚ್ಚು ಸುಟ್ಟಿತು ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹಬ್ಬದ ಹಿಂದಿನ ದಿನ ಸಂಜೆ ಮಗಳು ಅಂಚು ಕಪ್ಪಾಗಿದ್ದ ಗೋದಲಿಯ ಮುಂದೆ ಕೂತು, ನಾಳೆ ಕೂಸನ್ನು ಇಡಬೇಕು, ಅದು ಆಂಟಿಯ ಮನೆಯಲ್ಲಿದೆ ಅಂದಳು. ಅವಳೊಬ್ಬಳನ್ನೇ ಕಳಿಸಲು ನೋಡಿದೆ. ನೀನೂ ಬಾ ಎಂದು ಕೈ ಹಿಡಿದಳು.

ಬಾಗಿಲು ತೆರೆದಾಗ ಮೊದಲು ಕಂಡದ್ದು ಮೊಣಕೈವರೆಗಿನ ಬ್ಯಾಂಡೇಜು. ಮಗಳು ಒಳಗೆ ಓಡಿ ಸೋಫಾದ ಮೇಲಿದ್ದ ಬೊಂಬೆಯನ್ನು ಎತ್ತಿಕೊಂಡಳು. ಅದರ ಟೊಪ್ಪಿಗೆಯ ಸುಟ್ಟ ಅಂಚನ್ನು ಯಾರೋ ಎಡಗೈಯಲ್ಲಿ ಹೊಲಿದಂತೆ ಅಡ್ಡಾದಿಡ್ಡಿ ಹೊಲಿದಿದ್ದರು.

"ಹುಲ್ಲು ನಂದು ಅಂತ ಅವರಿಗೆ ಯಾಕ ಹೇಳ್ಲಿಲ್ರಿ?" ಅಂದೆ. ಕ್ಷಮೆ ಕೇಳಲು ಹೋದವಳು ಆರೋಪ ಮಾಡುವ ಹಾಗೆ ಕೇಳಿದ್ದೆ.

"ಮಗುಗೆ ಗೊತ್ತಾಗೋ ಹಾಗೆ ಅವರಮ್ಮನ ಮೇಲೆ ತಪ್ಪು ಹಾಕೋಕಾಗಲ್ಲ," ಅಂದರು. "ಕೋಪ ಇಲ್ಲ ಅಂತ ಮಾತ್ರ ತಿಳ್ಕೋಬೇಡಿ. ತುಂಬ ಇದೆ. ನಾನು ಬೇಡ ಅಂದಿದ್ದೆ."

"ಹೌದ್ರಿ. ಅಂದಿದ್ರಿ."

"ಗೊತ್ತಿರಲಿಕ್ಕಿಲ್ಲ ಅಂದ್ರಿ. ನಿಜ, ನನಗೆ ಗೊತ್ತಿರಲಿಲ್ಲ. ಕಲೀಬೇಕು ಅಂತಾನೇ ನಿಮ್ಮನ್ನ ಒಳಗೆ ಕರೆದು ಕೂರಿಸ್ಕೊಂಡಿದ್ದು."

ತಪ್ಪಾಯಿತು ಎಂದೆ. ಆಕೆ ಪರವಾಗಿಲ್ಲ ಅನ್ನಲಿಲ್ಲ. ಅದು ಒಳ್ಳೆಯದೇ ಆಯಿತು. ಮಗಳನ್ನು ಅಲ್ಲೇ ಬಿಟ್ಟು, ಕೆಳಗಿಳಿದು ಕಾರ್ಯದರ್ಶಿಯ ಮನೆಯ ಗಂಟೆ ಒತ್ತಿದೆ. ಅವರ ಮನೆಯಲ್ಲಿ ನೆಂಟರು ಕೂತಿದ್ದರು. ಅವರೆಲ್ಲರ ಎದುರಿಗೆ, ನನ್ನ ಮುರುಕು ತೆಲುಗಿನಲ್ಲಿ, ಹುಲ್ಲು ತಂದವಳು ನಾನು, ಬೇಡವೆಂದರೂ ಹಾಕಿದವಳು ನಾನು, ಓಡದೆ ನಿಂತವಳೂ ನಾನು ಎಂದು ಹೇಳಿದೆ. ಕೊನೆಯದನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಕ್ರಿಸ್‌ಮಸ್ ಯಾರಿಗೆ ಒಪ್ಪಿಸಬೇಕೆಂದು ಮತ್ತೆ ಯೋಚಿಸುತ್ತೇವೆ ಅಂದರು. ಯೋಚಿಸುವುದೇನಿಲ್ಲ, ಆಕೆಗೇ ಒಪ್ಪಿಸಿ ಎಂದು ಬಂದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಒಂದು ಕಡ್ಡಿ ಹುಲ್ಲೂ ಇರಲಿಲ್ಲ. ಮಗಳು ಬೊಂಬೆಯನ್ನು ಬರೀ ಹಲಗೆಯ ಮೇಲೆ ಮಲಗಿಸಿ, ಚಳಿಯಾಗುತ್ತದೆ ಎಂದು ತನ್ನ ಕರ್ಚೀಫು ಹೊದಿಸಿದಳು. ಅಂಥ ಗೋದಲಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ಕೂಸು ಮೊದಲ ಸಲ ಬಂದಾಗಲೂ ಕೊಟ್ಟಿಗೆಯಲ್ಲಿ ಜಾಗ ಕೊಟ್ಟವರು ಧರ್ಮ ಬಲ್ಲವರಲ್ಲ ಎಂಬುದು ಅಂದು ಚರ್ಚಿನ ಆರಾಧನೆಯಲ್ಲಿ ಕೂತಿದ್ದಾಗ ಹೊಳೆಯಿತು. ಆ ಭಾಗವನ್ನೇ ನಾನು ಹಾಲ್‌ನಲ್ಲಿ ಅಷ್ಟು ಗಟ್ಟಿಯಾಗಿ ಓದಿದ್ದೆ.

ಮುಂದಿನ ವರ್ಷ ಹಾಲ್‌ನಲ್ಲಿ ಆಕೆಯ ಹಿಮ ಮತ್ತೆ ಬಂತು. ಮೂಲೆಯಲ್ಲಿ, ದೀಪಗಳಿಂದ ದೂರ, ಗೋದಲಿ ಇತ್ತು. ಪ್ರತಿ ಸಂಜೆ ಮಕ್ಕಳು ಬಂದು ಕಡ್ಡಿ ಹಾಕುತ್ತಿದ್ದರು, ನಾನು ನೆಲದ ಮೇಲೆ ಕೂತು ಕಥೆ ಹೇಳುತ್ತಿದ್ದೆ. ಆಕೆಯೂ ಕೇಳುತ್ತಿದ್ದರು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು.

ಆಕೆಯ ಬಲಗೈಯ ಮೇಲೆ ಮಣಿಕಟ್ಟಿನಿಂದ ಹೆಬ್ಬೆರಳಿನವರೆಗೆ ನುಣ್ಣಗೆ ಹೊಳೆಯುವ ಒಂದು ಕಲೆ ಉಳಿಯಿತು. ಕಥೆ ಕೇಳುವಾಗ ಮಗಳು ತನಗರಿವಿಲ್ಲದೆ ಅದರ ಮೇಲೆ ಬೆರಳಾಡಿಸುತ್ತಿದ್ದಳು. ನಾನು ಮಾತು ನಿಲ್ಲಿಸದೆ ಅದನ್ನೇ ನೋಡುತ್ತಿದ್ದೆ. ಹಾಲ್, ಹಬ್ಬ, ಮಕ್ಕಳ ನಗು ಇವನ್ನೆಲ್ಲ ಆಕೆಗೆ ಬಿಟ್ಟುಕೊಡಲು ನನಗೆ ಸಾಧ್ಯವಾಗಿದೆ. ಆ ಕಲೆಯೊಂದನ್ನು ಬಿಟ್ಟುಕೊಡಲು ಇಂದಿಗೂ ಆಗಿಲ್ಲ. ಅದು ನನ್ನ ಕೈಮೇಲೆ ಇರಬೇಕಿತ್ತು.