ಕೆನ್ನೆಗೊತ್ತಿದ ಸೀಸೆ

ತೊಂಬತ್ತರ ದಶಕದಲ್ಲಿ ನಾನು ಆವನಿ ಕಡೆಯ ಹಳ್ಳಿಗಳಿಗೆ ನರ್ಸಮ್ಮ. ಗುರುವಾರ ಮಕ್ಕಳಿಗೆ ಲಸಿಕೆ ಹಾಕುವ ದಿನ. ಒಬ್ಬ ಅಜ್ಜಿ ಮಾತ್ರ ಲಸಿಕೆಯ ಸೀಸೆಯನ್ನು ತನ್ನ ಕೆನ್ನೆಗೆ ಒತ್ತಿ ನೋಡದೆ ಮೊಮ್ಮಗಳನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ತಣ್ಣಗಿಲ್ಲದ ಮದ್ದು ಕೆಟ್ಟದ್ದು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಅವಳ ಅನುಮಾನಕ್ಕೆ ಹೆದರಿ ಸೀಸೆಗಳನ್ನು ಡಬ್ಬಿಯೊಳಗೆ ಐಸಿಗೇ ಅಂಟಿಸಿ ಇಡುತ್ತಿದ್ದೆ.

ಒಮ್ಮೆ ಮುಳಬಾಗಿಲಿನಲ್ಲಿ ನಮಗೆಲ್ಲ ತರಬೇತಿ ನಡೆಯಿತು. ನಾಯಿಕೆಮ್ಮಿನ ಲಸಿಕೆ ಹೆಪ್ಪುಗಟ್ಟಿದರೆ ಸತ್ವ ಹೋಗುತ್ತದೆ, ಅಂಥದ್ದನ್ನು ಕುಲುಕಿಟ್ಟರೆ ಬೇಗ ತಳಕ್ಕಿಳಿಯುತ್ತದೆ, ಐಸಿಗೆ ತಾಗಿಸಬೇಡಿ ಎಂದರು ಹೊಸ ಡಾಕ್ಟರು. ನನಗೆ ಮೈ ಉರಿಯಿತು. ಇಷ್ಟು ವರ್ಷ ತಂಪು, ತಂಪು ಎಂದು ಬಡಿದುಕೊಂಡವರು ಈ ಡಾಕ್ಟರುಗಳೇ ಅಲ್ಲವೇ? ತಪ್ಪನ್ನು ನಮ್ಮ ತಲೆಗೆ ಕಟ್ಟಲು ಹೂಡಿದ ಆಟವೆಂದೇ ನಂಬಿದೆ.

ಅವರ ಮಾತು ಸುಳ್ಳೆಂದು ತೋರಿಸಲು, ಅವರು ಹೇಳಿಕೊಟ್ಟಂತೆಯೇ ಆ ಲಸಿಕೆಯ ಎರಡು ಸೀಸೆ ಕುಲುಕಿ ಮೇಜಿನ ಮೇಲಿಟ್ಟೆ. ಐಸಿಗೆ ತಾಗದೆ ಇದ್ದದ್ದು ಮಬ್ಬಾಗಿಯೇ ಉಳಿಯಿತು. ನನ್ನ ಡಬ್ಬಿಯದ್ದು ಸ್ವಲ್ಪ ಹೊತ್ತಿಗೇ ಒಡೆದ ಹಾಲಿನಂತೆ ಚೂರುಚೂರಾಗಿ ತಳಕ್ಕಿಳಿಯಿತು.

ಮುಂದಿನ ಗುರುವಾರ ಐಸಿನಿಂದ ದೂರವಿಟ್ಟ ಸೀಸೆ ಒಯ್ದೆ. ಅಜ್ಜಿ ಕೆನ್ನೆಗೆ ಒತ್ತಿಕೊಂಡು ಮುಖ ಕಿವುಚಿದಳು.

"ಇದು ಕೆಟ್ಟೋಗೈತೆ ಕಣಮ್ಮ. ನಂಗೊತ್ತಾಗಲ್ವಾ? ಹೋದ ಸಲ ಕೊರೆಯೋ ಅಂಥದ್ದು ಹಾಕಿದ್ಯಲ್ಲ, ಅದನ್ನೇ ತಗೊಂಬಾ."

ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕೆಟ್ಟದ್ದು ಹೋದ ಸಲದ್ದು ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಮೇಲೆ ನಂಬಿಕೆ ಇಲ್ಲವಾ ಎಂದು ಅವಳ ಮೇಲೆಯೇ ರೇಗಿದೆ.