ಸಾಸಿವೆ ಡಬ್ಬಿಯ ಪಾಲಿಟ್‌ಬ್ಯೂರೊ

ಸ್ವೀಡನ್ನಿನ ಉಪ್ಸಾಲಾದ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಆ ವಾರ ಸೋವಿಯತ್ ಒಕ್ಕೂಟ ಕೂತಿತ್ತು. ಅಲ್ಲಿ ಆಡಳಿತ ಹೇಗೆ ನಡೆಯುತ್ತಿತ್ತೆಂದು ಹೈಸ್ಕೂಲಿನಲ್ಲಿ ಓದುವ ಮಗಳು ತರಗತಿಯಲ್ಲಿ ವಿವರಿಸಬೇಕಿತ್ತು. ಅಕ್ಕಿ ಡಬ್ಬಿ ಪಕ್ಷದ ಮಹಾಧಿವೇಶನ, ಬೇಳೆ ಡಬ್ಬಿ ಕೇಂದ್ರ ಸಮಿತಿ, ಪುಟ್ಟ ಸಾಸಿವೆ ಡಬ್ಬಿ ಪಾಲಿಟ್‌ಬ್ಯೂರೊ. ಇನ್ನೊಂದು ಸಾಲಿನ ಖಾರದಪುಡಿ, ಸಾರಿನಪುಡಿ ಡಬ್ಬಿಗಳು ಸುಪ್ರೀಂ ಸೋವಿಯತ್ ಎಂಬ ಸಂಸತ್ತು ಮತ್ತು ಮಂತ್ರಿಮಂಡಲ. ದೊಡ್ಡದು ಚಿಕ್ಕದನ್ನು ಆರಿಸುತ್ತಿತ್ತಂತೆ, ಚಿಕ್ಕದು ಹೇಳಿದ್ದಕ್ಕೆಲ್ಲ ದೊಡ್ಡದು ಕೈ ಎತ್ತುತ್ತಿತ್ತಂತೆ. ಹಾಗಾದರೆ ತೀರ್ಮಾನ ಮಾಡುತ್ತಿದ್ದವರು ಯಾರು ಎಂದು ಅವಳು ಸ್ವೀಡಿಷ್‌ನಲ್ಲಿ ಕೇಳಿದಳು. ನಾನು ಸಾಸಿವೆ ಎಂದೆ, ಆಮೇಲೆ ಅಕ್ಕಿ ಎಂದೆ, ಕೊನೆಗೆ ತಲೆ ಕೆಟ್ಟು, ಎಲ್ಲವನ್ನೂ ಜಾಗಕ್ಕಿಡು, ಒಗ್ಗರಣೆ ಹಾಕಬೇಕು ಎಂದು ಗದರಿದೆ.

ಭಾನುವಾರ ನಮ್ಮ ಕನ್ನಡ ಕೂಟದ ವಾರ್ಷಿಕ ಸಭೆ. ಮಗಳೂ ಹಠ ಹಿಡಿದು ಬಂದಳು. ಕೂಟದ ಪುಟಾಣಿಗಳಿಗೆ ವಾರಕ್ಕೊಮ್ಮೆ ಕನ್ನಡ ಕಲಿಸುವವಳು ಅವಳೇ. ಆ ತರಗತಿ ನಿಲ್ಲಿಸುತ್ತಾರೆಂಬ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಮನೆಗೊಂದೇ ಮತ, ಅದು ನನ್ನದು. ಹೇಗಾದರೂ ಉಳಿಸು ಎಂದು ಬಸ್ಸಿನುದ್ದಕ್ಕೂ ಹೇಳುತ್ತಲೇ ಇದ್ದಳು.

ಇಲ್ಲಿನ ಸಂಘಗಳ ಪದ್ಧತಿಯನ್ನೇ ನಾವೂ ಕಲಿತಿದ್ದೇವೆ. ಅಧ್ಯಕ್ಷರು ವಿಷಯ ಓದಿ, ಸಭೆ ಒಪ್ಪುತ್ತದೆಯೇ ಎನ್ನುತ್ತಾರೆ. ನಾವೆಲ್ಲ ‘ಯಾ’ ಎನ್ನುತ್ತೇವೆ. ಹಾಗೆಂದರೆ ಸ್ವೀಡಿಷ್‌ನಲ್ಲಿ ಹೌದು. ಟಕ್ ಎಂದು ಸುತ್ತಿಗೆ ಬೀಳುತ್ತದೆ. ವರದಿಗೆ ಯಾ, ಟಕ್. ಲೆಕ್ಕಪತ್ರಕ್ಕೆ ಯಾ, ಟಕ್. ಹಿಂದಿನಿಂದ ಕಾಫಿ ಮತ್ತು ಏಲಕ್ಕಿ ಬನ್ನಿನ ಪರಿಮಳ ಬೇರೆ. ‘ಚಟುವಟಿಕೆಗಳ ಮರುಹೊಂದಾಣಿಕೆ’ ಎಂದು ಅಧ್ಯಕ್ಷರು ಓದಿದ್ದಕ್ಕೂ ಯಾ ಎಂದೆವು. ಮಗಳು ನನ್ನ ತೋಳು ಹಿಂಡಿದಾಗಲೇ ಗೊತ್ತಾದದ್ದು, ನಿಂತುಹೋದದ್ದು ಅವಳ ತರಗತಿ ಎಂದು.

ಫಿಕಾಗೆ, ಅಂದರೆ ಕಾಫಿ ವಿರಾಮಕ್ಕೆ, ಎದ್ದಾಗ ಅಧ್ಯಕ್ಷರನ್ನು ಹಿಡಿದೆ. ನನ್ನದೇನಿದೆ, ಕಾರ್ಯಕಾರಿ ಮಂಡಳಿ ಹೇಳಿತು, ನಾನು ಓದಿದೆ ಎಂದರು. ಮಂಡಳಿಯವರನ್ನು ಕೇಳಿದರೆ, ಮೊದಲೇ ಯಾರದೋ ಮನೆಯಲ್ಲಿ ಮಾತಾಗಿತ್ತಂತೆ, ತಾವು ಮುಂದಿಟ್ಟದ್ದಷ್ಟೇ ಅಂತೆ. ಯಾರ ಮನೆ ಎಂದರೆ ಒಬ್ಬರಿಗೂ ನೆನಪಿಲ್ಲ.

“ಜನರಲ್ ಬಾಡಿನೇ ಡಿಸೈಡ್ ಮಾಡಿದ್ದಲ್ವಾ ಮೇಡಂ, ಒಬ್ರೂ ಬೇಡ ಅನ್ಲಿಲ್ಲ,” ಎಂದು ಕಾರ್ಯದರ್ಶಿ ನನ್ನ ಕೈಗೆ ಬನ್ ಕೊಟ್ಟರು.

ಜನರಲ್ ಬಾಡಿ ಎಂದರೆ ನಾವೇ ತಾನೆ? ಅಯ್ಯೋ, ತರಗತಿ ನಿಲ್ಲಬಾರದಿತ್ತು ಎಂದು ಬನ್ ತಿನ್ನುತ್ತಾ ಸಿಕ್ಕವರೆಲ್ಲ ನನಗೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟಾಗಬೇಕೆಂದು ಮಾತ್ರ ತಿಳಿಯಲಿಲ್ಲ.

ಮನೆಗೆ ಬಂದ ಮಗಳು ಡಬ್ಬಿಗಳನ್ನು ಮತ್ತೆ ಮೇಜಿಗೆ ತಂದು ಜೋಡಿಸಿದಳು. ನಾನು ಕುಡಿಯುತ್ತಿದ್ದ ಕಾಫಿ ಲೋಟವನ್ನೂ ಕೈಯಿಂದ ತೆಗೆದುಕೊಂಡು ಅಕ್ಕಿ ಡಬ್ಬಿಗೆ ತಾಗಿಸಿ ಇಟ್ಟಳು.

“ಇದು ನೀನು,” ಎಂದಳು, ಕನ್ನಡದಲ್ಲೇ. “ಬೇಡ ಅಂತ ಮನಸ್ಸಲ್ಲಿದ್ರೂ ಯಾಕಮ್ಮ ಯಾ ಅಂದೆ? ಅಲ್ಲಿನವ್ರೆಲ್ಲ ಯಾಕೆ ಕೈ ಎತ್ತಿದ್ರು ಅಂತ ನಾಳೆ ಕ್ಲಾಸಲ್ಲಿ ಕೇಳಿದ್ರೆ ನಾನೇನ್ ಹೇಳ್ಲಿ?”